ಎತ್ತರಿಸಿದ ಬೇಲಿ ಮತ್ತು ಸರೋಜಕ್ಕನ ತಡಬೆ

ನಮ್ಮ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲ ದಿನವೇ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ವೆಲ್ಡಿಂಗ್ ಯಾವಾಗ ಕಲಿಸ್ತೀರಿ?" ಮುಖಕ್ಕೆ ಕಪ್ಪು ಗಾಜು ಹಿಡಿದು ಕಿಡಿ ಹಾರಿಸುವುದೇ ಕೆಲಸ ಎಂದುಕೊಂಡವರು. ಕಿಡಿ ಹಾರಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ನನ್ನ ಅಳಿಯ ಒಂದು ಮಧ್ಯಾಹ್ನದಲ್ಲಿ ಕಲಿತ. ಅವನಿಗೇ ಬಂದ ಮೇಲೆ ಇನ್ನು ಯಾರಿಗೆ ಬರುವುದಿಲ್ಲ ಹೇಳಿ. ಬಾರದೇ ಇರುವುದು ಬೇರೆ. ಕಂಬದ ಬುಡ ನೋಡುವುದು, ಬೇಲಿಯ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂದು ನೋಡುವುದು, ಕೊನೆಗೆ ಬೇಲಿಯ ಯಜಮಾನನ ತಲೆಯಲ್ಲಿ ಏನಿದೆ ಎಂದು ನೋಡುವುದು. ಅದನ್ನು ಕಲಿಸಿ ಎಂದು ಇದುವರೆಗೆ ಒಬ್ಬ ಬಡ್ಡಿಮಗನೂ ಕೇಳಲಿಲ್ಲ. ಅದಕ್ಕೇ, ಕೇಳದಿದ್ದರೂ ಹೇಳುತ್ತಿದ್ದೇನೆ.

ನನ್ನ ಹೆಸರು ಮಂಜಪ್ಪ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಬೇಲಿ ಕೆಲಸ ಮಾಡಿಕೊಂಡು ಬದುಕಿದವನು. ಶೆಡ್ಡು ಇದ್ದದ್ದು ಹೊಸನಗರದಲ್ಲಿ. ಮೊಣಕಾಲು ಕೈಕೊಟ್ಟ ಮೇಲೆ ಅದನ್ನು ಅಳಿಯನ ಕೈಗೆ ಕೊಟ್ಟು ಮನೆ ಸೇರಿದೆ. ಬೇಲಿ ಕೆಲಸ ಎಂದರೂ ನಾನು ಹೊಸ ಬೇಲಿ ಹಾಕಿದ್ದು ಕಡಿಮೆ. ಹಾಕಿದ್ದ ಬೇಲಿಯ ಕಬ್ಬಿಣದ ಕಂಬಗಳಿಗೆ ತಲೆ ಜೋಡಿಸಿ ಎತ್ತರ ಮಾಡಿಕೊಟ್ಟಿದ್ದೇ ಹೆಚ್ಚು. ಯಾಕೆ ಗೊತ್ತಾ? ಬೇಲಿ ಹಾಕಿಸುವ ಹೊತ್ತಿಗೆ ನಮ್ಮ ಜನಕ್ಕೆ ಎಲ್ಲಿಲ್ಲದ ಜಿಪುಣತನ ಬರುತ್ತದೆ. ಮಗಳ ಮದುವೆಗೆ ಎರಡು ಊರಿಗೆ ಊಟ ಹಾಕುವವರು ಕಂಬಕ್ಕೆ ಒಂದಡಿ ಹೆಚ್ಚು ಹಾಕಿ ಎಂದರೆ, "ದನ ಹಾರದಿದ್ರೆ ಸಾಕು ಮಾರಾಯ, ನಾವೇನು ಕೋಟೆ ಕಟ್ತೀವಾ" ಎನ್ನುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕಡವೆ ಬರುತ್ತದೆ. ಕುದುರೆಯಷ್ಟು ಎತ್ತರ ನಿಲ್ಲುವ ಆ ಪ್ರಾಣಿಗೆ ಸೊಂಟದೆತ್ತರದ ಬೇಲಿ ಯಾವ ಲೆಕ್ಕ? ಆಗ ನನಗೆ ಫೋನು. ಕಂಬ ಕಿತ್ತು ಉದ್ದದ್ದು ಹಾಕಿ ಎಂದರೆ ಅದೂ ಆಗದು. ಜಂಬಿಟ್ಟಿಗೆ ನೆಲದಲ್ಲಿ ಕಾಂಕ್ರೀಟು ಸುರಿದು ಕೂರಿಸಿದ ಕಂಬ ಕೀಳುವುದು ತಮಾಷೆಯಲ್ಲ. ಹಾಗಾಗಿ ಇದ್ದದ್ದರ ತಲೆಯ ಮೇಲೆ ಇನ್ನೊಂದು ತುಂಡು. ಅವರ ದಡ್ಡತನವೇ ನನ್ನ ಅನ್ನವಾಗಿತ್ತು, ಅದನ್ನು ಮುಚ್ಚಿಡುವುದೇಕೆ.

ನನಗೆ ಕೆಲಸ ಹೇಳಿಕೊಟ್ಟವರು ಸಾಗರದ ಗುರುಪಾದಣ್ಣ. ಕೆಳದಿ ರಸ್ತೆಯಲ್ಲಿ ಅವರ ಶೆಡ್ಡು. ಬಾಯಿ ತೆಗೆದರೆ ಬೈಗುಳ. ಒಳ್ಳೆಯ ಮಾತು ಆಡಿದರೆ ಹಲ್ಲು ಉದುರುತ್ತದೆ ಎಂದು ಹೆದರಿದಂತಿದ್ದರು. ಯಾರದೋ ತೋಟಕ್ಕೆ ಹೋದೊಡನೆ ಅವರು ಮೊದಲು ಮಾಡುತ್ತಿದ್ದ ಕೆಲಸ, ಸಾಲಿನ ಉದ್ದಕ್ಕೂ ನಡೆಯುತ್ತ ಒಂದೊಂದು ಕಂಬಕ್ಕೂ ಜಾಡಿಸಿ ಒದೆಯುವುದು. ಯಜಮಾನ ನಿಂತು ನೋಡುತ್ತಿದ್ದರೂ ಬಿಡುತ್ತಿರಲಿಲ್ಲ. ನಾನು ಹೊಸದರಲ್ಲಿ ನಾಚಿಕೆಯಿಂದ ಕೈಯಲ್ಲಿ ಅಲ್ಲಾಡಿಸಿ ನೋಡಿ, "ಗಟ್ಟಿ ಇದೆ ಅಣ್ಣಾ" ಎಂದೆ.

"ಕೈಯಲ್ಲಿ ಮುಟ್ಟಿ ನೋಡಕ್ಕೆ ಅದೇನು ನಿನ್ ಹೆಣ್ತಿ ಕೆನ್ನೆನಾ? ಒದಿಯೋ!" ಎಂದರು. "ಬುಡ ಅಲ್ಲಾಡೋ ಕಂಬಕ್ಕೆ ತಲೆ ಕೂರಿಸಿದ್ರೆ ತಲೆ ಸಮೇತ ಬೀಳತ್ತೆ. ಆಮೇಲೆ ಗುರುಪಾದ ಕೆಟ್ಟವನು ಅಂತಾರೆ, ಕಂಬ ಕೆಟ್ಟಿದ್ದು ಅನ್ನಲ್ಲ."

ಒದ್ದೆ. ಅದು ನೆಲದ ಮಟ್ಟದಲ್ಲೇ ಮುರಿದು ತಂತಿಗೆ ಜೋತುಬಿತ್ತು. ಕಬ್ಬಿಣ ತುಕ್ಕು ಹಿಡಿಯುವುದು ಮೇಲಲ್ಲ, ಮಣ್ಣೂ ಗಾಳಿಯೂ ಸೇರುವ ಆ ಗೆರೆಯಲ್ಲಿ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ಹಪ್ಪಳವಾಗಿರುತ್ತದೆ. ಇಷ್ಟು ಗೊತ್ತಿಲ್ಲದವರು ಈಗ ನಾಲ್ಕು ಚಕ್ರದ ಗಾಡಿಯಲ್ಲಿ ಮೆಷಿನ್ನು ಹೇರಿಕೊಂಡು ಬಂದು, ಕಂಬದ ತಲೆ ಮಾತ್ರ ನೋಡಿ, ಬೆಸೆದು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಫೋಟೋದಲ್ಲಿ ಬುಡ ಕಾಣುವುದಿಲ್ಲ, ಹುಲ್ಲು ಕಾಣುತ್ತದೆ.

ಕೊಳವೆ ಕಂಬ ಎತ್ತರಿಸುವುದರಲ್ಲಂತೂ ನಮ್ಮವರು ಮಾಡಿದ ಅಧ್ವಾನ ಒಂದೆರಡಲ್ಲ. ಮಂಡಗದ್ದೆ ಹತ್ತಿರ ಒಬ್ಬ ಪುಣ್ಯಾತ್ಮ ತಾನೇ ಎತ್ತರಿಸಿಕೊಂಡಿದ್ದ. ಹಳೆಯ ಪೈಪಿನ ಮೇಲೆ ದಪ್ಪ ಪೈಪು ಟೋಪಿಯಂತೆ ಇಳಿಸಿ, ಒಂದು ಸುತ್ತು ಬೆಸೆದು, ಮೇಲಿನ ಬಾಯಿಯನ್ನು ಹಾಗೇ ತೆರೆದಿಟ್ಟಿದ್ದ. ನಮ್ಮ ಕಡೆಯ ಮಳೆಗೆ ಬಾಯಿ ತೆರೆದು ನಿಂತ ಪೈಪು! ನೀರು ತುಂಬಿ, ಒಳಗಿನಿಂದಲೇ ತಿಂದು, ಮೂರನೆಯ ವರ್ಷ ಸಾಲಿಗೆ ಸಾಲೇ ರಸ್ತೆಯ ಕಡೆ ಬಗ್ಗಿ ನಿಂತಿತು. "ಕಬ್ಬಿಣದಲ್ಲೇ ಮೋಸ ಮಂಜಪ್ಪ, ಈಗಿನ ಕಬ್ಬಿಣ ಸರಿಯಿಲ್ಲ" ಎಂದ. ಈಗಿನ ಕಬ್ಬಿಣ ಸರಿಯಾಗೇ ಇದೆ. ಪೈಪಿಗೆ ಒಳಗಿನಿಂದ ಸಣ್ಣ ಪೈಪು ತೂರಿಸಿ ಜೋಡಿಸಬೇಕು, ಮೇಲೆ ಮುಚ್ಚಳ ಹೊಡೆಯಬೇಕು. ಎಲ್ ಆಕಾರದ ಆಂಗಲ್ ಕಂಬವಾದರೆ ಹಳೆಯದರ ಮಗ್ಗುಲಿಗೆ ಹೊಸದನ್ನು ಒಂದಡಿಯಷ್ಟಾದರೂ ಜೋಡು ಕೊಟ್ಟು ಬೋಲ್ಟು ಹಾಕಬೇಕು. ತುದಿಗೆ ತುದಿ ಇಟ್ಟು ಬೆಸೆಯುವವನನ್ನು ಬೇಲಿಯ ಹತ್ತಿರವೇ ಬಿಡಬಾರದು. ಮತ್ತೆ, ಸತುವಿನ ಲೇಪ ಇರುವ ಪೈಪನ್ನು ಲೇಪ ಉಜ್ಜಿ ತೆಗೆಯದೆ ಬೆಸೆದರೆ ಅದರ ಬಿಳಿ ಹೊಗೆ ಎದೆಗೆ ಹೋಗಿ ಚಳಿಜ್ವರ ಬರುತ್ತದೆ. ನಾನು ಹೇಳಿದ್ದಕ್ಕೆ ನನ್ನ ಅಳಿಯ ನಕ್ಕ. ಆಮೇಲೆ ಎರಡು ದಿನ ಕಂಬಳಿ ಹೊದ್ದು ನಡುಗಿದ. ಈಗ ನಗುವುದಿಲ್ಲ.

ಮೇಲಧಿಕಾರಿಗಳ ವಿಷಯ ಹೇಳದೆ ಬಿಟ್ಟರೆ ಪಾಪ ಬರುತ್ತದೆ. ತೀರ್ಥಹಳ್ಳಿಯ ಒಂದು ಕಚೇರಿ. ಹೆಸರು ಬೇಡ. ಅದರ ಕಾಂಪೌಂಡಿನ ಕಂಬಗಳಿಗೆ ಮೇಲೆ ಓರೆ ಕೈ ಜೋಡಿಸಿ ಮುಳ್ಳುತಂತಿ ಎಳೆಯಬೇಕಿತ್ತು. ಓರೆ ಕೈ ಹೊರಗೆ ಬಾಗಿರಬೇಕು. ಹೊರಗಿನಿಂದ ಹತ್ತುವವನಿಗೆ ತಾನೇ ಅದು ಅಡ್ಡಿಯಾಗಬೇಕಾದ್ದು? ಅಲ್ಲಿನ ಎಂಜಿನಿಯರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದನೋ ಏನೋ, ಎಲ್ಲ ಒಳಗೆ ಬಾಗಿರಲಿ ಎಂದ. ಸ್ವಾಮಿ, ಇದು ಜೈಲಿಗೆ ಮಾಡುವ ಕ್ರಮ ಎಂದೆ. "ಹೇಳಿದಷ್ಟು ಮಾಡ್ರೀ" ಎಂದ. ಮಾಡಿದೆ. ಈಗಲೂ ಹಾಗೇ ಇದೆ. ಒಳಗಿರುವ ನೌಕರರು ಹಾರಿಹೋಗದಂತೆ ಬಂದೋಬಸ್ತಾಗಿದೆ. ಹೊರಗಿನವರಿಗೆ ಯಾವ ತೊಂದರೆಯೂ ಇಲ್ಲ.

ಇದಕ್ಕಿಂತ ಮೇಲಿನ ಬುದ್ಧಿವಂತರು ಸಾಗರದ ಕಡೆಯ ಒಬ್ಬ ಹೆಗಡೆಯವರು. ಕಡವೆ ಕಾಟ ಎಂದು ತೋಟದ ಸುತ್ತ ಎಲ್ಲ ಕಂಬ ಎತ್ತರಿಸಲು ಹೇಳಿದರು. ಮೊದಲು ಒಳಗೆಲ್ಲ ಒಂದು ಸುತ್ತು ಗದ್ದಲ ಮಾಡಿಸಿ, ಏನಾದರೂ ಅಡಗಿದ್ದರೆ ಹೊರಗೆ ಹೋಗಲಿ, ಆಮೇಲೆ ಕೊನೆಯ ಮಗ್ಗುಲು ಮುಚ್ಚೋಣ ಎಂದೆ. "ಹಗಲಲ್ಲಿ ಕಡವೆ ಇರ್ತದೇನೋ? ಬೇಗ ಮುಗಿಸು" ಎಂದರು. ಮುಗಿಸಿದೆ. ಮರುದಿನ ಬೆಳಿಗ್ಗೆ ಅವರ ಮನೆಯಲ್ಲೇ ತಿಂಡಿ ತಿನ್ನುತ್ತಿದ್ದೆ. ತೋಟಕ್ಕೆ ಇಳಿದ ಹೆಗಡೆಯವರು ಅಲ್ಲಿಂದಲೇ ಹೆಂಡತಿಗೆ ತಮ್ಮ ಹವ್ಯಕ ಮಾತಿನಲ್ಲಿ ಕೂಗಿಕೊಂಡರು: "ಏ, ಕಡವೆ ಒಳಗೇ ಇದ್ದು! ಒಳಗೇ ಇದ್ದು!" ತೊರೆಯ ಪೊದೆಯಲ್ಲಿ ಮಲಗಿದ್ದು ಹೊರಗೆ ಹೋಗಲಾರದೆ ಬಾಳೆಯನ್ನೆಲ್ಲ ತಿಂದು ಹಾಕಿತ್ತು. ಬಂದೋಬಸ್ತಾದ ಬೇಲಿಯೊಳಗೆ ಅದನ್ನು ಸಾಕಿದಂತಾಯಿತು. ಒಂದು ಮಗ್ಗುಲು ಮತ್ತೆ ಬಿಚ್ಚಿ, ತಗಡು ಬಡಿದು ಓಡಿಸಿದೆವು. ಹೆಗಡೆಯವರು ನನ್ನ ಮುಖ ನೋಡಲಿಲ್ಲ. ನಾನು ಮಾತ್ರ ಅವರ ಮುಖವನ್ನು ಚೆನ್ನಾಗಿ ನೋಡಿದೆ.

ಇಷ್ಟೆಲ್ಲ ಕಂಡವನಿಗೆ ಕಬ್ಬಿಣದ ವಿಷಯದಲ್ಲಿ ಯಾರ ಹತ್ತಿರವೂ ಸೋಲಬೇಕಾಗಿ ಬರಲಿಲ್ಲ. ಸೋತದ್ದು ಒಂದು ತಡಬೆಯ ಹತ್ತಿರ. ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದೆ.

ಅರಳಸುರಳಿ ಕಡೆ ಶೇಷಪ್ಪಗೌಡರು ಎಂದು ಒಬ್ಬರಿದ್ದಾರೆ. ಗದ್ದೆ, ಗದ್ದೆಯ ಅಂಚಿಗೆ ಬಾಳೆ, ಹಿಂದೆ ಗುಡ್ಡ. ದೊಡ್ಡ ಹೊಟ್ಟೆ, ದೊಡ್ಡ ಗಂಟಲು. ಅಪ್ಪಣೆ ಕೊಡುವುದೆಂದರೆ ಅವರಿಗೆ ಪ್ರಾಣ. ಅವರ ಮನೆಯಲ್ಲಿ ಬೆಕ್ಕು ಮಗುಚಿ ಮಲಗಬೇಕಾದರೂ ಅವರನ್ನು ಕೇಳಬೇಕು ಎನ್ನುವಂಥ ಗತ್ತು. ನಾನು ಬಾಡಿಗೆ ಆಟೋದಿಂದ ಮೆಷಿನ್ನು ಇಳಿಸುತ್ತಿದ್ದರೆ, "ಹಾಂ, ಇಳಿಸು" ಎಂದರು. ನೀರು ಕುಡಿಯಲು ಚೊಂಬು ಎತ್ತಿದರೆ, "ಹಾಂ, ಕುಡಿ" ಎಂದರು. ಬೇಡ ಎಂದಿದ್ದರೆ ಉಗುಳಬೇಕಿತ್ತೇನೋ.

ಗದ್ದೆಯ ಸುತ್ತ ಎದೆಮಟ್ಟದ ಆಂಗಲ್ ಕಂಬ ಇದ್ದವು. ಏಳಡಿ ಮಾಡಬೇಕೆಂದರು. ಒದ್ದು ನೋಡಿದೆ, ಬುಡ ಗಟ್ಟಿಯಿತ್ತು. ಮೂರು ಮಗ್ಗುಲು ಸರಾಗ ಆಯಿತು. ಮೂಲೆಯ ಕಂಬಗಳಿಗೆ ಎರಡೂ ಕಡೆ ಓರೆ ಆಸರೆ ಕೊಟ್ಟೆ. ಎತ್ತರ ಹೆಚ್ಚಿದಷ್ಟೂ ತಂತಿಯ ಎಳೆತ ಮೂಲೆಯ ಕಂಬವನ್ನೇ ಬೀಳಿಸುವುದು, ಇದನ್ನೂ ನೆನಪಿಡಿ. ನಾಲ್ಕನೆಯ ಮಗ್ಗುಲಿಗೆ ಬಂದಾಗ ಅಲ್ಲೊಂದು ತಡಬೆ ಕಂಡಿತು. ಬೇಲಿಯ ನಡುವೆ ಒಂದಾಳು ದಾಟುವಷ್ಟು ಜಾಗ ಬಿಟ್ಟು, ದನ ಬರದಂತೆ ಅಡ್ಡಲಾಗಿ ಒಂದು ಕಲ್ಲು ಚಪ್ಪಡಿ ನೆಟ್ಟಿದ್ದರು. ಮನುಷ್ಯರು ಕಾಲೆತ್ತಿ ಹಾಕಿ ದಾಟುವುದು. ಚಪ್ಪಡಿಯ ನೆತ್ತಿ ಕಾಲುಜ್ಜಿ ಉಜ್ಜಿ ನುಣ್ಣಗಾಗಿತ್ತು.

"ಅದನ್ನ ಮುಚ್ಚಿಬಿಡು" ಎಂದರು ಗೌಡರು.

"ದಾರಿ ಇದ್ದ ಹಾಗಿದೆಯಲ್ಲ ಗೌಡ್ರೇ?"

"ದಾರಿ ಎಂತದು ದಾರಿ. ಗುಡ್ಡದಾಚೆ ಸರೋಜ ಅಂತ ಒಬ್ಳು ಹಾಲು ತಗೊಂಡು ಓಡಾಡ್ತಾಳೆ. ಸುತ್ತಿ ಹೋಗ್ಲಿ."

ಹೇಳಿ ಮುಗಿಸುವಷ್ಟರಲ್ಲಿ ಅವಳೇ ಬಂದಳು. ಐವತ್ತರ ಮೇಲಿನ ಕಡ್ಡಿಯಂಥ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ ಕೈಯಲ್ಲಿ ಹಾಲಿನ ಕ್ಯಾನು ಹಿಡಿದಿದ್ದಳು. ಗಂಡನಿಲ್ಲ, ಎರಡು ಹಸು ಕಟ್ಟಿಕೊಂಡು ಜೀವನ. ಡೈರಿಯ ಗಾಡಿ ಬೆಳಿಗ್ಗೆ ಕೆಳಗಿನ ರಸ್ತೆಗೆ ಬಂದು ಸ್ವಲ್ಪ ಹೊತ್ತು ನಿಂತು ಹೋಗುತ್ತದೆ. ಈ ತಡಬೆ ದಾಟಿ ಗದ್ದೆಯ ಬದುವಿನ ಮೇಲೆ ಬಂದರೆ ಗಾಡಿ ಸಿಗುತ್ತದೆ. ಗುಡ್ಡ ಸುತ್ತಿ ಬಂದರೆ ಗಾಡಿಯ ಧೂಳು ಸಿಗುತ್ತದೆ. ಅವಳ ಅತ್ತೆಯೂ ಇದೇ ಕಲ್ಲು ದಾಟಿ ಓಡಾಡಿದವಳು.

ವಿಷಯ ಗೊತ್ತಾದ ಕೂಡಲೆ ಅವಳು ಕ್ಯಾನನ್ನು ಚಪ್ಪಡಿಯ ಮೇಲಿಟ್ಟು, "ಮುಚ್ಚು ನೋಡನ, ಹೆಂಗ್ ಮುಚ್ತೀಯ" ಎಂದು ನಿಂತಳು. ಗೌಡರು ಗಂಟಲು ಹರಿದುಕೊಂಡರು. ಅವಳು ಅವರಿಗಿಂತ ಸಣ್ಣ ದನಿಯಲ್ಲಿ, ಆದರೆ ನಿಲ್ಲಿಸದೆ ಮಾತಾಡಿದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಕೆಲಸದವನಾಗಿ ಹೇಳುತ್ತೇನೆ: ಏಳಡಿ ಬೇಲಿಯಲ್ಲಿ ಒಂದು ಕಡೆ ಮೊಣಕಾಲೆತ್ತರದ ಸಂದು ಬಿಟ್ಟರೆ ಅದು ಬೇಲಿಯಲ್ಲ. ಕಡವೆ ಸುತ್ತು ಹಾಕಿ ನೋಡಿ, ಅಲ್ಲೇ ಬರುತ್ತದೆ. ಗೌಡರ ಮಾತು ಬೇಲಿಯ ಲೆಕ್ಕದಲ್ಲಿ ಸರಿಯೇ ಇತ್ತು. ಅದೇ ನನಗೆ ಇನ್ನೂ ಸಿಟ್ಟು.

ಕೊನೆಗೆ ನಾನೇ, ಒಂದು ಗೇಟು ಮಾಡಿ ಕೊಡುತ್ತೇನೆ, ಏಳಡಿಯದೇ, ಬಾಗಿಲು ತೆಗೆದು ಹೋಗಲಿ ಎಂದೆ. ಗೌಡರು ಯೋಚಿಸಿ, "ಹಾಂ, ಮಾಡು. ಬೀಗ ಇರಲಿ. ಬೀಗದಕೈ ನನ್ನ ಹತ್ರ ಇರತ್ತೆ. ಬೇಕಾದಾಗ ಬಂದು ಕೇಳಿದ್ರೆ ಕೊಡ್ತೀನಿ. ನಾನೇನು ಇಲ್ಲ ಅಂತೀನಾ?" ಎಂದರು.

ನನಗೆ ಅದು ನ್ಯಾಯವಾಗಿ ಕಂಡಿತು. ಇಬ್ಬರಿಗೂ ಸರಿಹೋಯಿತು ಎಂದುಕೊಂಡು, ಕಲ್ಲನ್ನು ಅಲ್ಲೇ ಬಿಟ್ಟು, ಗೇಟು ಕೂರಿಸಿ ಬಂದೆ. ಹದಿನೈದು ದಿನ ಬಿಟ್ಟು ಬಣ್ಣ ಹೊಡೆಯಲು ಹೋದರೆ ಸರೋಜಕ್ಕ ಗೇಟಿನ ಆಚೆ, ಗುಡ್ಡದ ದಾರಿಯಲ್ಲಿ ಕ್ಯಾನು ಹೊತ್ತು ನಡೆಯುತ್ತಿದ್ದಳು. ಗಾಡಿ ಹೋಗಿ ಎಷ್ಟೋ ಹೊತ್ತಾಗಿತ್ತು. ಗೇಟು ಹಾಕಿದ ದಿನದಿಂದ ಅವಳು ಒಮ್ಮೆಯೂ ಬೀಗದಕೈ ಕೇಳಿರಲಿಲ್ಲ. ಹಾಲನ್ನು ಮನೆಯಲ್ಲಿ ಹೆಪ್ಪು ಹಾಕಿ, ಮಜ್ಜಿಗೆ ಮಾಡಿ, ನೆಂಟರಿಷ್ಟರಿಗೆ ಹಂಚಿ, ಮಿಕ್ಕಿದ್ದನ್ನು ಕರುವಿಗೆ ಕುಡಿಸುತ್ತಿದ್ದಳು. ಸಾಲ ಕೊಟ್ಟ ಹಿಂಡಿಯ ಅಂಗಡಿಯವನು ಎಷ್ಟು ದಿನ ಸುಮ್ಮನಿರುತ್ತಾನೆ? ಹಸು ಮಾರುವ ಮಾತು ಆಗಲೇ ಬಂದಿತ್ತು. ಊರವರೆಲ್ಲ ಅವಳಿಗೇ ಬುದ್ಧಿ ಹೇಳುತ್ತಿದ್ದರು. ನಾನೂ ಹೇಳಿದೆ.

"ಅಲ್ಲ ಸರೋಜಕ್ಕ, ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತದೆ? ಅವ್ರೇ ಕೊಡ್ತೀನಿ ಅಂತಿದಾರೆ."

ಅವಳು ಕ್ಯಾನು ಕೆಳಗಿಟ್ಟಳು. "ಮಂಜಣ್ಣ, ನೀ ಕಬ್ಬಿಣದ ಕೆಲ್ಸ ಮಾಡಿ ಮಾಡಿ ತಲೆನೂ ಅದ್ರದ್ದೇ ಆಗಿದೆ. ಇವತ್ತು ನಾ ಹೋಗಿ ಬೀಗದಕೈ ಕೇಳ್ದೆ ಅಂತಿಟ್ಕ. ಅವ್ರು ಕೊಟ್ರು. ನಾಳೆ ಅವ್ರಿಗೆ ಮೈ ಸರಿಯಿಲ್ಲ, ಅವ್ರ ಮಗ ಕೊಟ್ಟ. ನಾಡಿದ್ದು ಆ ಮಗ ಎಂತ ಅಂತಾನೆ? 'ನಮ್ಮಪ್ಪ ಪಾಪ ಅಂತ ಬಿಡ್ತಿದ್ರು, ನಾ ಬಿಡಲ್ಲ' ಅಂತಾನೆ. ಅಲ್ಲಿಗೆ ನನ್ನ ದಾರಿ ಹೋಯ್ತು, ಪಾಪ ಒಂದು ಉಳೀತು. ನಮ್ಮತ್ತೆ ಯಾರನ್ನೂ ಕೇಳಿ ದಾಟಿದವಳಲ್ಲ. ನಾ ಕೇಳಿ ದಾಟಲ್ಲ. ಹಸು ಹೋದ್ರೆ ಹೋಗ್ಲಿ."

ಹಸು ಹೋದರೆ ಹೋಗಲಿ ಎಂದವಳೇ ಕ್ಯಾನು ಎತ್ತಿಕೊಂಡು, ನನ್ನ ಮುಖ ನೋಡದೆ ನಡೆದಳು. ಇಷ್ಟು ವರ್ಷ ಬೇಲಿ ಮಾಡಿದ ನನಗೆ, ಬೀಗ ಹಾಕಿದ ದಾರಿ ದಾರಿಯಲ್ಲ ಎಂಬುದು ಹೊಳೆದೇ ಇರಲಿಲ್ಲ. ಬಣ್ಣ ಹೊಡೆಯುವಾಗ ಆ ಗೇಟನ್ನು ನೋಡಿದರೆ ಮೈ ಉರಿಯಿತು. ಒಳ್ಳೆಯ ಗೇಟು, ಕೀಲು ಎಣ್ಣೆ ಹಾಕದೆ ತಿರುಗುತ್ತಿತ್ತು. ಆದರೂ ಉರಿಯಿತು.

ಗೌಡರ ಹಟ ಮುರಿದದ್ದು ನನ್ನಿಂದಲೂ ಅಲ್ಲ, ಸರೋಜಕ್ಕನಿಂದಲೂ ಅಲ್ಲ. ಅವರ ಮನೆಯವರಿಂದಲೇ. ಬೀಗದಕೈ ಗೌಡರ ಸೊಂಟದಲ್ಲಿ ಇರುತ್ತಿತ್ತಲ್ಲ, ಸೊಪ್ಪಿಗೆ, ಸೌದೆಗೆ ಗುಡ್ಡಕ್ಕೆ ಹೋಗುವ ಮನೆಯವರೂ ಆಳುಗಳೂ ಪ್ರತಿ ಸಲ ಅವರನ್ನೇ ಕೇಳಬೇಕು. ಅವರು ಊಟಕ್ಕೆ ಕೂತಿದ್ದರೆ ಕಾಯಬೇಕು, ಪೇಟೆಗೆ ಹೋಗಿದ್ದರೆ ಸಂಜೆಯವರೆಗೆ ಕಾಯಬೇಕು. ಬೇಸತ್ತು ಎಲ್ಲರೂ ಸೇರಿ ಬೀಗವನ್ನು ಸುಮ್ಮನೆ ಚಿಲಕಕ್ಕೆ ನೇತುಹಾಕಿ, ಹಾಕಿದಂತೆ ತೋರಿಸಿ ಬಿಡತೊಡಗಿದರು. ಗೌಡರಿಗೆ ದೂರದಿಂದ ಬೀಗ ಕಂಡರೆ ಸಾಕಿತ್ತು. ಒಂದು ರಾತ್ರಿ ಗಾಳಿಗೆ ಬಾಗಿಲು ಪೂರಾ ತೆರೆದುಕೊಂಡಿತು. ಕಡವೆಗಳು ಹಾರುವ ಕಷ್ಟವಿಲ್ಲದೆ, ನೆಂಟರು ಬಂದ ಹಾಗೆ ಬಾಗಿಲಿನಿಂದಲೇ ಬಂದು, ತೆನೆ ಬಂದಿದ್ದ ಭತ್ತವನ್ನು ಮೇದು ಹೋದವು.

ಗೌಡರು ಫೋನಿನಲ್ಲಿ ಬೈದದ್ದು ನನ್ನನ್ನು. "ಎಂತ ಗೇಟು ಮಾಡಿದೀಯ ಮಂಜಪ್ಪ? ಅದಕ್ಕೆ ಮುಚ್ಕಳಕ್ಕೇ ಬರಲ್ಲ!"

"ಗೌಡ್ರೇ, ಗೇಟಿಗೆ ಮುಚ್ಚಿಕೊಳ್ಳೋದು ಬರಲ್ಲ. ಯಾರಾದ್ರೂ ಮುಚ್ಚಬೇಕು" ಎಂದೆ. ಆದರೂ ಹೋದೆ. ಹೋಗದೆ ಇರಲು ಮನಸ್ಸು ಬರಲಿಲ್ಲ.

ಈ ಸಲ ನಾನು ಗೌಡರ ಮನೆಗೆ ಮೊದಲು ಹೋಗಲಿಲ್ಲ. ಗುಡ್ಡದಾಚೆ ಸರೋಜಕ್ಕನ ಅಂಗಳಕ್ಕೆ ಹೋದೆ. ಗೇಟು ಬೇಡ, ತಡಬೆ ಬಿಟ್ಟರೆ ಕಡವೆ ಬರುತ್ತದೆ, ಏನು ಮಾಡಲಿ ಹೇಳು ಎಂದು ಅವಳನ್ನೇ ಕೇಳಿದೆ. ಅವಳು ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ತನ್ನ ಹಿತ್ತಿಲ ಬೇಲಿ ತೋರಿಸಿದಳು. ಬೇಲಿಯ ಎರಡು ತುದಿಗಳನ್ನು ಸೇರಿಸದೆ, ಒಂದರ ಹಿಂದೆ ಒಂದು ಸ್ವಲ್ಪ ದೂರ ಮುಂದುವರಿಸಿ, ನಡುವೆ ಒಂದು ಇಕ್ಕಟ್ಟಾದ ಸಂದು ಬಿಟ್ಟಿದ್ದರು. ಮನುಷ್ಯ ಒಳಹೊಕ್ಕು, ಅಡ್ಡ ತಿರುಗಿ, ಆಚೆ ಬರಬಹುದು. ದನಕ್ಕೆ ಉದ್ದ ಮೈ, ತಿರುಗಲಾಗದು.

"ಇದು ನುಸುಳುಗಂಡಿ. ನಮ್ಮ ಎಮ್ಮೆ ಇದ್ದಾಗಿಂದ್ಲೂ ಇದೆ. ಇದನ್ನೇ ಕಡವೆ ಎತ್ರಕ್ಕೆ ಮಾಡಕ್ಕೆ ನಿನ್ ಕಬ್ಬಿಣಕ್ಕೆ ಆಗಲ್ವಾ?" ಎಂದಳು. "ಬುಡದಲ್ಲಿ ಆ ಕಲ್ಲು ಇರ್ಲಿ. ಹಂದಿನೂ ಬರಲ್ಲ."

ನುಸುಳುಗಂಡಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೂರು ಹಿತ್ತಿಲುಗಳಲ್ಲಿ ನುಸುಳಿದ್ದೆ. ನನಗೆ ಯಾಕೆ ಹೊಳೆಯಲಿಲ್ಲ ಎಂದು ಇಂದಿಗೂ ನನ್ನ ಮೇಲೆ ನನಗೆ ಕೋಪವಿದೆ.

ಗೇಟು ಬಿಚ್ಚಿದೆ. ಎರಡು ಸಾಲು ಕಂಬ ಏಳಡಿಗೆ ಎತ್ತರಿಸಿ, ಒಂದರ ಹಿಂದೆ ಒಂದು ತಂದು, ಮೇಲಿನವರೆಗೂ ಜಾಲರಿ ಕಟ್ಟುವವನಿದ್ದೆ. ಸಂದಿನ ಅಗಲ ಎಷ್ಟಿರಬೇಕು ಎಂಬುದೇ ಪ್ರಶ್ನೆ. ಸರೋಜಕ್ಕನನ್ನು ಕ್ಯಾನಿನ ಸಮೇತ ಅಡ್ಡ ನಿಲ್ಲಿಸಿ ಅಳತೆ ಹಿಡಿದೆ. ಗೌಡರು ದೂರದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಬೀಗವಿಲ್ಲ ಎಂಬುದೇ ಅವರಿಗೆ ನುಂಗಲಾಗದ ತುತ್ತಾಗಿತ್ತು. ಆದರೆ ಭತ್ತ ಹೋದ ಸಂಕಟ ಅದಕ್ಕಿಂತ ದೊಡ್ಡದು.

"ಇದ್ರಲ್ಲಿ ಕಡವೆ ನುಗ್ಗಲ್ಲ ಅಂತ ಎಂತ ಗ್ಯಾರಂಟಿ?" ಎಂದರು.

"ನುಗ್ಗಲ್ಲ ಗೌಡ್ರೇ."

"ನೀ ಹೇಳಿದ್ರೆ ಆಯ್ತಾ? ನಾನೇ ನೋಡ್ತೀನಿ."

ಕಂಬ ಕೂರಿಸಿ, ಜಾಲರಿ ಕಟ್ಟಿ ಮುಗಿದ ಮೇಲೆ ಗೌಡರು ಪಂಚೆ ಎತ್ತಿ ಕಟ್ಟಿ, ಕಡವೆಯ ಪರವಾಗಿ ತಾವೇ ಗುಡ್ಡದ ಕಡೆಯಿಂದ ನುಗ್ಗಿದರು. ತಲೆ ಬಂತು, ಹೆಗಲು ಬಂತು, ಒಂದು ಕಾಲು ಕಲ್ಲು ದಾಟಿತು. ತಿರುಗಬೇಕಾದಲ್ಲಿ ಹೊಟ್ಟೆ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಉಸಿರು ಒಳಗೆಳೆದುಕೊಳ್ಳಿ ಎಂದೆ. ಎಳೆದುಕೊಂಡರು, ಮುಖ ಕೆಂಪಾಯಿತು, ಹೊಟ್ಟೆ ಜಗ್ಗಲಿಲ್ಲ. ಸರೋಜಕ್ಕ ಗದ್ದೆಯ ಬದುವಿನ ಮೇಲೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನೂ ಅವರ ಆಳೂ ಸೇರಿ ಹಿಂದಿನಿಂದ ಎಳೆದು ಬಿಡಿಸಿದೆವು. ಶರಟಿನ ಗುಂಡಿ ಎರಡು ಹೋದವು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಮನೆ ಸೇರುತ್ತಿದ್ದರು. ಗೌಡರು ಪಂಚೆ ಸರಿ ಮಾಡಿಕೊಂಡು, ದೊಡ್ಡ ದನಿಯಲ್ಲಿ, "ಸರಿ ಇದೆ. ಕಡವೆ ಬರಲ್ಲ. ಇರ್ಲಿ" ಎಂದು ಅಪ್ಪಣೆ ಕೊಟ್ಟರು.

ಸರೋಜಕ್ಕನ ಹಸುಗಳು ಅವಳ ಕೊಟ್ಟಿಗೆಯಲ್ಲೇ ಉಳಿದವು. ಆ ಗದ್ದೆಯ ಭತ್ತಕ್ಕೆ ಮತ್ತೆ ಕಡವೆ ಬಾಯಿ ಹಾಕಲಿಲ್ಲ. ಆಮೇಲೆ ನಾನೂ ಕೆಲಸ ಬಿಟ್ಟೆ.

ಈಗ ನೀವು ಹೊಸ ಸಾಮಾನು ತಂದಿದ್ದೀರಿ. ಬೋಲ್ಟು ಬಿಗಿದರೆ ಸಾಕು ಎನ್ನುವ ರೆಡಿಮೇಡ್ ಕ್ಲಾಂಪು, ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ. ಕ್ಲಾಂಪು ಕೆಟ್ಟದ್ದಲ್ಲ. ಸತುವಿನ ಪೈಪಿಗೆ ಬೆಸುಗೆಗಿಂತ ಅದೇ ವಾಸಿ, ಒಪ್ಪುತ್ತೇನೆ. ಆದರೆ ಕಂಬಕ್ಕೆ ಒದೆಯದೆ, ಬೇಲಿಯ ಎರಡೂ ಕಡೆ ನಡೆದು ನೋಡದೆ, ಅಲ್ಲಿ ಕಾಲು ಸವೆಸಿದ ಕಲ್ಲು ಇದೆಯೇ ಎಂದು ಬಗ್ಗಿ ನೋಡದೆ ಸ್ಪ್ಯಾನರು ಎತ್ತಿದರೆ ನೀವೂ ನನ್ನ ಹಾಗೆ ಒಳ್ಳೆಯ ಕೀಲಿನ ಗೇಟು ಮಾಡಿ, ಅದನ್ನು ನೋಡಿ ಮೈ ಉರಿಸಿಕೊಳ್ಳುತ್ತೀರಿ. ಉರಿಸಿಕೊಂಡರೆ ಪುಣ್ಯ. ಎಷ್ಟೋ ಜನಕ್ಕೆ ಉರಿಯುವುದೂ ಇಲ್ಲ.

ಹೋದ ಮಳೆಗಾಲದಲ್ಲಿ ಸರೋಜಕ್ಕನಿಂದ ಫೋನು ಬಂತು. ನುಸುಳುಗಂಡಿಯ ಒಂದು ಕಂಬದ ಜೋಡು ಸಡಿಲವಾಗಿದೆ, ಅಳಿಯ ಬೇಡ, ನೀನೇ ಬಾ ಎಂದಳು. ಅಳಿಯನ ಮೋಟಾರುಬೈಕಿನ ಹಿಂದೆ ಕೂತು ಬೆಳಿಗ್ಗೆ ಬೇಗ ಹೋದೆ. ಜೋರು ಮಳೆ. ಬೋಲ್ಟು ಬಿಗಿಯುತ್ತ ತಲೆ ಎತ್ತಿದರೆ ಗದ್ದೆಯ ಬದುವಿನ ಮೇಲೆ ಶೇಷಪ್ಪಗೌಡರು ಛತ್ರಿ ಹಿಡಿದು ಬರುತ್ತಿದ್ದರು. ನನ್ನನ್ನು ನೋಡಲು ಬಂದರೇನೋ ಎಂದುಕೊಂಡೆ. ಅಲ್ಲ. ಗಂಡಿಯ ಪಕ್ಕ ಬಂದು, ಗುಡ್ಡದ ಕಡೆ ನೋಡುತ್ತ ನಿಂತರು. ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

ಸ್ವಲ್ಪ ಹೊತ್ತಿಗೆ ಸರೋಜಕ್ಕ ಬಂದಳು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕ್ಯಾನು. ಕ್ಯಾನಿನ ಸಮೇತ ಸಂದಿನೊಳಗೆ ಬಂದಳು, ಅಡ್ಡ ತಿರುಗಿದಳು, ಕಾಲೆತ್ತಿ ಹಾಕಿದಳು. ಯಾರನ್ನೂ ಏನೂ ಕೇಳಲಿಲ್ಲ.

"ಹಾಂ, ಹೋಗು, ಹೋಗು" ಎಂದರು ಗೌಡರು.

ಅವಳು ಗಾಡಿಯ ಕಡೆ ಬಿರಬಿರನೆ ನಡೆದಳು. ಗೌಡರು ಅಲ್ಲೇ ನಿಂತರು. ಹಾಲು ಅಳೆಸಿ ಖಾಲಿ ಕ್ಯಾನು ಹಿಡಿದು ಅವಳು ವಾಪಸು ಬರುವವರೆಗೂ ನಿಂತರು. "ಹಾಂ, ಬಾ, ಬಾ" ಎಂದರು. ಗಂಡಿ ಆದ ದಿನದಿಂದ ಹೀಗೇ ಅಂತೆ. ಜ್ವರ ಬಂದ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿಲ್ಲವಂತೆ. ಕೇಳದ ಅಪ್ಪಣೆಯನ್ನು ಕೊಡಲು ದಿನಾ ಬೆಳಿಗ್ಗೆ ಹೀಗೆ ಬಂದು ನಿಲ್ಲುವ ಮನುಷ್ಯನನ್ನು ನಾನು ಈ ಮೂರು ತಾಲ್ಲೂಕಿನಲ್ಲಿ ಬೇರೆ ನೋಡಿಲ್ಲ. ನನಗೆ ನಗು ತಡೆಯಲಾಗಲಿಲ್ಲ, ಬೋಲ್ಟಿನ ಕಡೆ ಮುಖ ತಿರುಗಿಸಿಕೊಂಡೆ.

ಸರೋಜಕ್ಕ ಮಾತ್ರ ನಗಲಿಲ್ಲ. ಗಂಡಿಯ ಬಾಯಲ್ಲಿ ನಿಂತು, ಗೌಡರಿಗೆ ಕೇಳುವಷ್ಟೇ ಜೋರಾಗಿ ನನಗೆ ಹೇಳಿದಳು:

"ಮಂಜಣ್ಣ, ಹೆಂಗೂ ಬಂದಿದೀಯ. ಈ ಕಂಬನ ಇನ್ನೊಂದು ಚೂರು ಎತ್ರ ಮಾಡಿ ಮೇಲೊಂದು ತಗಡಿನ ಶೀಟ್ ಹಾಕ್ಕೊಡು. ಈ ವಯಸ್ಸಲ್ಲಿ ದಿನಾ ಇಲ್ಲಿ ನಿಂತು ನೆನೀತಾರೆ. ಕೆಮ್ಮು ಬೇರೆ ಅವ್ರಿಗೆ."

ನಾನು ಗೌಡರ ಕಡೆ ನೋಡಿದೆ. ಅವರು ಛತ್ರಿ ಸ್ವಲ್ಪ ಮೇಲೆತ್ತಿ ಕಂಬದ ತಲೆ ನೋಡಿದರು, ಆಮೇಲೆ ಆಕಾಶ ನೋಡಿದರು.

"ಹಾಂ, ಹಾಕು" ಎಂದರು.